ಬಂದು ಹೋಗುವ ದೋಷ

ಜನವರಿ 12

ಅಮ್ಮಾ,

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ನೀನು ಯಾವಾಗಲೂ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀ, ಪಕ್ಕದಲ್ಲಿ ಅಪ್ಪ ಕೂತಿರುತ್ತಾರೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ, ಮೋಟಾರುಗಳ ಸದ್ದಿಗೆ ಅವರ ಕಿವಿ ಮುಕ್ಕಾಲು ಹೋಗಿದೆ ನಿಜ. ಆದರೆ ಕೇಳಬಾರದ್ದು ಮಾತ್ರ ಸರಿಯಾಗಿ ಕೇಳಿಸುತ್ತದೆ. ಈ ವಿಷಯ ನಿನಗೊಬ್ಬಳಿಗೇ.

ಹೊಟ್ಟೆನೋವು ಹೋಗಿಲ್ಲ. ಮುಟ್ಟಿನ ಮೊದಲ ದಿನದ ನೋವು ಎಂದು ನೀನು ಅಂದುಕೊಂಡಿರುವುದು ಈಗ ನಾಲ್ಕು ದಿನ ಮುಂಚೆಯೇ ಬರುತ್ತದೆ, ಮುಗಿದ ಮೇಲೂ ಕೂತಿರುತ್ತದೆ. ಕರೆಯದೇ ಬಂದ ನೆಂಟ, ಹೊರಡುವ ಮಾತೇ ಇಲ್ಲ. ಮೂರು ಡಾಕ್ಟರರ ಹತ್ತಿರ ಹೋಗಿಬಂದೆ. ಒಬ್ಬರು, "ಮದುವೆ ಆದ್ರೆ ಸರಿಹೋಗುತ್ತೆ" ಎಂದರು. ಇನ್ನೊಬ್ಬರು ಅದಕ್ಕಿಂತ ಒಂದು ಹೆಜ್ಜೆ ಮುಂದೆ, "ಒಂದು ಮಗು ಆಗ್ಲಿ" ಎಂದರು. ಮೂರನೆಯವರು ಸ್ಕ್ಯಾನ್ ಮಾಡಿಸಿದರು. ಎಡ ಅಂಡಾಶಯದಲ್ಲಿ ನಾಲ್ಕು ಸೆಂಟಿಮೀಟರಿನ ಒಂದು ನೀರುಗಂಟು ಇದೆಯಂತೆ. "ಇದೆಲ್ಲಾ ಎಲ್ರಿಗೂ ಇರುತ್ತೆ, ಬರುತ್ತೆ ಹೋಗುತ್ತೆ" ಎಂದು ಎರಡು ಬಗೆಯ ನೋವಿನ ಮಾತ್ರೆ ಬರೆದುಕೊಟ್ಟರು.

ಸೋಮವಾರ ಏನಾಯಿತೆಂದರೆ, ನಾನು ಕ್ರೇನಿನ ಮೇಲೆ ನನ್ನ ಗೂಡಿನಲ್ಲಿ ಕೂತಿದ್ದೆ. ನೆಲದಿಂದ ಐವತ್ತು ಮೀಟರ್ ಮೇಲೆ. ಕೊಕ್ಕೆಯಲ್ಲಿ ಒಂದು ಕಟ್ಟು ಕಬ್ಬಿಣದ ಸರಳು ತೂಗುತ್ತಿತ್ತು. ಆಗ ಒಳಗೆ ಯಾರೋ ಹಗ್ಗ ಹೊಸೆದ ಹಾಗೆ ನೋವು ಬಂತು. ಕಣ್ಣಿಗೆ ಕತ್ತಲೆ. ಹೇಗೋ ಸರಳನ್ನು ಕೆಳಗಿಳಿಸಿ, ಗಾಳಿ ಜಾಸ್ತಿಯಾಗಿದೆ, ಅರ್ಧ ಗಂಟೆ ಎತ್ತುವುದು ಬೇಡ ಎಂದು ವಾಕಿಟಾಕಿಯಲ್ಲಿ ಹೇಳಿದೆ. ಗಾಳಿ ಇರಲಿಲ್ಲಮ್ಮ.

ಜುಲೈಯಲ್ಲಿ ಕಂಪನಿಯ ವರ್ಷದ ವೈದ್ಯಕೀಯ ತಪಾಸಣೆ. ಹೇಳಿದರೆ ಮೇಲೆ ಹತ್ತಲು ಬಿಡುವುದಿಲ್ಲ. ಹೇಳದಿದ್ದರೆ ಒಂದು ದಿನ ಯಾರದೋ ತಲೆಯ ಮೇಲೆ ಸರಳು ಬೀಳುತ್ತದೆ. ಅಷ್ಟರೊಳಗೆ ಇದು ಏನೆಂದು ಯಾರಾದರೂ ಹೇಳಬೇಕು. ವಾಸಿ ಮಾಡುವುದು ಆಮೇಲಿನ ಮಾತು. ಮೊದಲು ಇದಕ್ಕೊಂದು ಹೆಸರು ಬೇಕು.

ನಿನ್ನ ಕಣ್ಣು ಮಂಜು ಮಂಜು ಎನ್ನುತ್ತಿದ್ದೆಯಲ್ಲ, ತೋರಿಸಿದೆಯಾ?

ನಿನ್ನ
ಪುಟ್ಟಿ

*

ಜನವರಿ 21

ಮಗಳೇ,

ನಿಮ್ಮಮ್ಮನ ಬಲಗಣ್ಣಿಗೆ ಹೋದ ವಾರ ಆಪರೇಷನ್ ಆಯಿತು. ನಿನಗೆ ತಿಳಿಸಬಾರದೆಂದು ಅವಳೇ ಹೇಳಿದ್ದಳು. ಎಡಗಣ್ಣಿಗೆ ಜೂನ್‌ನಲ್ಲಿ. ಎರಡೂ ಮುಗಿದ ಮೇಲೆಯೇ ಕನ್ನಡಕ. ಅಲ್ಲಿಯವರೆಗೆ ಅಕ್ಷರ ಕಾಣಿಸುವುದಿಲ್ಲ. ಹಾಗಾಗಿ ನಿನ್ನ ಕಾಗದವನ್ನು ಓದಿ ಹೇಳಿದವನು ನಾನು.

"ಈ ವಿಷಯ ನಿನಗೊಬ್ಬಳಿಗೇ" ಎಂಬಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನನ್ನ ಓದು ಜೋರು, ನಿನಗೆ ಗೊತ್ತು. ಮೇಲಿನ ಮನೆಯವರು ಮೆಲ್ಲಗೆ ಕಿಟಕಿ ಹಾಕಿಕೊಂಡರು ಎಂದು ನಿಮ್ಮಮ್ಮ ಆಮೇಲೆ ಹೇಳಿದಳು. ಕೇಳಿಸದಿರಲಿ ಎಂದು ಹಾಕಿದರೋ, ಕೇಳಿಸಿದ್ದು ಸಾಕೆಂದು ಹಾಕಿದರೋ ತಿಳಿಯದು.

ನಾಲ್ಕು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಏನು ಬರೆಯಬೇಕೋ ಗೊತ್ತಿಲ್ಲ, ಗೊತ್ತಿರುವುದನ್ನು ಕೇಳುತ್ತೇನೆ. ನೋವು ಒಮ್ಮೆಲೇ ಬರುತ್ತದೋ, ನಿಧಾನವಾಗಿ ಏರುತ್ತದೋ? ಕೂತಾಗ ಹೆಚ್ಚೋ, ನಿಂತಾಗಲೋ? ಬರುವ ಮುಂಚೆ ಬೇರೆ ಏನಾದರೂ ಸೂಚನೆ ಇರುತ್ತದೋ? ಆ ದಿನಗಳಿಗೂ ಇದಕ್ಕೂ ಲೆಕ್ಕ ಕೂಡುತ್ತದೋ?

ನಿಮ್ಮಮ್ಮ ಹೇಳುತ್ತಿರುವುದನ್ನು ಹಾಗೇ ಬರೆಯುತ್ತೇನೆ: "ಪುಟ್ಟಿ, ಬೈಕೋಬೇಡ. ಓದೋದು ನಿಲ್ಸಿ ಅಂತ ನಾನು ನಾಲ್ಕು ಸಲ ಹೇಳ್ದೆ. ಈ ಮನುಷ್ಯನಿಗೆ ಕೇಳಿಸ್ಬೇಕಲ್ಲ."

ಕೇಳಿಸಿತ್ತು.

ಅಪ್ಪ

*

ಫೆಬ್ರುವರಿ 2

ಅಪ್ಪನಿಗೆ,

ನಿಮ್ಮ ಕಾಗದವನ್ನು ಎರಡು ಸಲ ಹರಿಯಲು ಹೊರಟೆ. ಅಮ್ಮನ ಮಾತು ಅದರಲ್ಲಿತ್ತೆಂದು ಇಟ್ಟುಕೊಂಡೆ.

ನೀವು ಮರೆತಿರಬಹುದು. ಏಳು ಮಹಡಿಯ ಆ ಆಫೀಸು ಕಟ್ಟಡ, ನಾನು ನಿಮ್ಮ ಜೊತೆಗಿನ ಕೆಲಸ ಬಿಟ್ಟ ದಿನ. ನಿಮ್ಮ ಸಹಾಯಕಿಯಾಗಿ ನನಗದು ಎಂಟನೇ ವರ್ಷ. ಲಿಫ್ಟಿನೊಳಗೆ ಇಬ್ಬರು ಸಿಕ್ಕಿಕೊಂಡಿದ್ದರು. ಮೇಲಿನ ಮೋಟಾರ್ ಕೋಣೆಯಲ್ಲಿ ಬ್ರೇಕ್ ಬಿಡಿಸಬೇಕಿದ್ದ ನಾನು ನೆಲದ ಮೇಲೆ ಮಡಚಿಕೊಂಡು ಕೂತಿದ್ದೆ. ನೀವು ಏಳು ಮಹಡಿ ಹತ್ತಿ ಬಂದು ಅವರನ್ನು ಬಿಡಿಸಿದಿರಿ. ಕಟ್ಟಡದ ಮ್ಯಾನೇಜರು, ಕಾವಲಿನವರು, ಸಿಕ್ಕಿಕೊಂಡಿದ್ದ ಇಬ್ಬರು, ಎಲ್ಲರ ಎದುರಿಗೂ ಹೇಳಿದಿರಿ, "ನೆಪ ಹುಡುಕೋರಿಗೆ ಈ ಕೆಲ್ಸ ಅಲ್ಲ." ಅಂದೂ ಇದೇ ನೋವು. ಏನಾಯಿತೆಂದು ಆಗ ಕೇಳಲಿಲ್ಲ. ಈಗ ಕೂತಾಗಲೋ ನಿಂತಾಗಲೋ ಎಂದು ಕೇಳುತ್ತಿದ್ದೀರಿ.

ನೀವು ಹೇಳಿದ್ದು ಸರಿಯೇ ಇರಬಹುದು ಎಂದು ನಾನೇ ನಾಲ್ಕು ವರ್ಷ ಅಂದುಕೊಂಡಿದ್ದೆ. ಅದನ್ನು ಮಾತ್ರ ಕ್ಷಮಿಸಲಾಗುವುದಿಲ್ಲ.

ನಿಧಾನವಾಗಿ ಏರುತ್ತದೆ. ಕೂತಾಗ ಹೆಚ್ಚು. ಮುಂಚಿನ ದಿನ ಎಡತೊಡೆ ಎಳೆಯುತ್ತದೆ.

ಪುಟ್ಟಿ

*

ಫೆಬ್ರುವರಿ 11

ಮಗಳೇ,

ಮರೆತಿಲ್ಲ.

ನಿನಗೆ ಹೇಳದ ಒಂದು ಲಿಫ್ಟಿನ ಕಥೆ ಹೇಳುತ್ತೇನೆ. ನೀನಿನ್ನೂ ಶಾಲೆಯಲ್ಲಿದ್ದೆ. ಒಂದು ಕಟ್ಟಡದಲ್ಲಿ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತುಬಿಡುತ್ತಿತ್ತು. ಫೋನ್ ಮಾಡುತ್ತಿದ್ದರು, ನಾನು ಹೋಗುವಷ್ಟರಲ್ಲಿ ಸರಾಗವಾಗಿ ಓಡಾಡುತ್ತಿತ್ತು. ಒಂಬತ್ತು ಸಲ ಹೋದೆ. ಒಂಬತ್ತು ಸಲವೂ "ದೋಷ ಕಂಡುಬಂದಿಲ್ಲ" ಎಂದು ಬರೆದು ಬಂದೆ. ಕೊನೆಗೆ ಅಲ್ಲಿನ ಮುದುಕಿಯೊಬ್ಬರು, ಎರಡು ಸಲ ಒಳಗೆ ಸಿಕ್ಕಿಕೊಂಡವರು, "ನೀನು ಬಂದಾಗ ಸರಿ ಇರುತ್ತೆ ಅಂದ್ರೆ ನಾವು ಸುಳ್ಳು ಹೇಳ್ತೀವಿ ಅಂತಲಾ?" ಎಂದರು. ಆ ಮಾತು ನಾಟಿತು. ಮಡಚುವ ಸ್ಟೂಲು ತೆಗೆದುಕೊಂಡು ಹೋಗಿ ಮೂರನೇ ಮಹಡಿಯಲ್ಲಿ ಕೂತೆ. ಹನ್ನೊಂದು ದಿನ ಕೂತೆ. ಎಲ್ಲವನ್ನೂ ಬರೆದೆ, ಎಷ್ಟು ಹೊತ್ತಿಗೆ, ಯಾರು, ಎಷ್ಟು ಜನ, ಬಿಸಿಲೋ ಮೋಡವೋ. ಬಿಸಿಲಿನ ಮಧ್ಯಾಹ್ನ ನಾಲ್ಕನೇ ಮಹಡಿಯ ಬಾಗಿಲ ಚೌಕಟ್ಟು ಕಾದು ಕೂದಲೆಳೆಯಷ್ಟು ಹಿಗ್ಗುತ್ತಿತ್ತು, ಬೀಗದ ಸಂಪರ್ಕ ತಪ್ಪುತ್ತಿತ್ತು. ನಾನು ಒಂಬತ್ತು ಸಲವೂ ಮೋಟಾರನ್ನೇ ಬಿಚ್ಚಿ ನೋಡಿದ್ದೆ.

ನಮ್ಮ ಕಸುಬಿನಲ್ಲಿ ಇದಕ್ಕೆ ಬಂದು ಹೋಗುವ ದೋಷ ಎನ್ನುತ್ತೇವೆ. ಮೆಕ್ಯಾನಿಕ್ ಬಂದಾಗ ಕಾಣಿಸಲಿಲ್ಲವೆಂದರೆ ದೋಷ ಇಲ್ಲವೆಂದಲ್ಲ, ಮೆಕ್ಯಾನಿಕ್ಕಿಗೆ ಇನ್ನೂ ಸಿಕ್ಕಿಲ್ಲ ಎಂದು ಅರ್ಥ.

ಇದರ ಜೊತೆ ಗೆರೆ ಹಾಕಿದ ಹಾಳೆ ನಲವತ್ತು ಇಟ್ಟಿದ್ದೇನೆ. ದಿನಕ್ಕೊಂದು. ಸಂಬಂಧವಿಲ್ಲ ಅನ್ನಿಸಿದ್ದನ್ನೂ ಬರೆ. ಜಾಗದ ಹೆಸರು ಬರೆಯಲು ನಿನಗೆ ಮುಜುಗರವಾಗಬಹುದು, ಅದಕ್ಕೆ ಮಹಡಿ ಹಾಕಿದ್ದೇನೆ. ಹೊಕ್ಕುಳು ಮೂರನೇ ಮಹಡಿ. ಅಲ್ಲಿಂದ ಎರಡು, ಒಂದು, ನೆಲಮಹಡಿ. ತೀರಾ ಕೆಳಗಿನದು ಗುಂಡಿ. ಎಡಕ್ಕೆ ಎ, ಬಲಕ್ಕೆ ಬ.

ನಿಮ್ಮಮ್ಮ ನಗುತ್ತಿದ್ದಾಳೆ. ಮುಜುಗರ ಯಾರಿಗೆ ಎಂದು ಕೇಳುತ್ತಿದ್ದಾಳೆ.

ಅಪ್ಪ

*

ಮಾರ್ಚ್ 29

ಅಪ್ಪ, ಅಮ್ಮ,

ನಲವತ್ತೂ ಹಾಳೆ ತುಂಬಿಸಿದೆ. ಬೈದುಕೊಂಡೇ ತುಂಬಿಸಿದೆ, ಆದರೆ ತುಂಬಿಸಿದೆ.

ಬರೆಯುತ್ತಾ ಹೋದರೆ ಗೊತ್ತಿಲ್ಲದ್ದೆಲ್ಲ ಕಾಣಿಸಿತು. ಮುಟ್ಟಿನ ದಿನಗಳಲ್ಲಿ ಬೆಳಿಗ್ಗೆ ಮಲವಿಸರ್ಜನೆಗೆ ಹೋದಾಗ ಗುಂಡಿಯಲ್ಲಿ ಚೂರಿ ಹಾಕಿದಂತಾಗುತ್ತದೆ. ಊಟ ಹಳಸಿತ್ತೇನೋ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದೆ. ಈ ಸಲ ಎರಡು ಸುತ್ತಿನಲ್ಲೂ ಅದೇ ದಿನ, ಅದೇ ಜಾಗ. ಎಡತೊಡೆಯೂ ಹಾಗೆಯೇ.

ಸಿಗ್ನಲ್ ಅಣ್ಣನಿಗೂ ಹೇಳಿಬಿಟ್ಟೆ. ಅಮ್ಮಾ, ಇವರು ನೆಲದಲ್ಲಿ ನಿಂತು ನನಗೆ ಎತ್ತು, ಇಳಿಸು ಎನ್ನುವವರು. ಅವರ ಮಾತು ಬಿಟ್ಟರೆ ಮೇಲೆ ನನಗೆ ಬೇರೆ ಕಣ್ಣಿಲ್ಲ. ಅಂದು ಗಾಳಿ ಎಂದದ್ದು ಸುಳ್ಳು ಎಂದೆ. "ಗೊತ್ತಿತ್ತು ಮೇಲಕ್ಕ" ಎಂದರು. ಸೈಟಿನಲ್ಲಿ ಎಲ್ಲರೂ ನನ್ನನ್ನು ಹಾಗೇ ಕರೆಯುವುದು. "ಪಕ್ಕದ ಕಟ್ಟಡದ್ ಮೇಲೆ ಒಣಗಾಕಿದ್ ಬಟ್ಟೆ ಒಂದೂ ಅಲ್ಲಾಡ್ತಿರ್ಲಿಲ್ಲ. ಇನ್ಮೇಲೆ ನೋವು ಅಂದ್ರೆ ನೋವು ಅನ್ನಿ. ಎತ್ತೋದು ಬೇಡ, ಅಷ್ಟೇ ತಾನೇ." ನೋವಿನ ದಿನ ರಜೆ ಹಾಕುತ್ತಿದ್ದೇನೆ. ರಜೆ ಮುಗಿಯುತ್ತಾ ಬಂತು.

ನಾಲ್ಕನೇ ಡಾಕ್ಟರರ ಹತ್ತಿರ ಹಾಳೆಗಳನ್ನು ಒಯ್ದೆ. ಅವರು ಎರಡು ಹಾಳೆ ತಿರುವಿ, "ನೆಲಮಹಡಿ, ಗುಂಡಿ, ಎ, ಬ... ಏನಮ್ಮಾ, ನೀನೇನು ಲಿಫ್ಟಾ?" ಎಂದರು. ಕಾಂಪೌಂಡರೂ ನಕ್ಕ. ಮತ್ತೆ ಸ್ಕ್ಯಾನ್ ಆಯಿತು. ಎಡಗಡೆ ಒಂದು ಗಂಟು, ಬಲಗಡೆ ಚಿಕ್ಕದೊಂದು. "ಹಳೇದು ಹೋಗಿ ಹೊಸದು ಬಂದಿರುತ್ತೆ. ಟೆನ್ಷನ್ ಕಮ್ಮಿ ಮಾಡ್ಕೊ. ಇಷ್ಟೊಂದ್ ಬರೆದಿಟ್ರೆ ಯಾರಿಗಾದ್ರೂ ನೋವು ಬರುತ್ತೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಗಾಯದ ಮೇಲೆ ಬರೆ ಎಳೆಸಿಕೊಳ್ಳಲು ಅರ್ಧ ದಿನದ ರಜೆ ಬೇರೆ. ಸಾಕಾಯಿತು. ಜುಲೈಗೆ ನಾನೇ ಕ್ರೇನಿನಿಂದ ಇಳಿದು ಸ್ಟೋರಿನಲ್ಲಿ ಮೊಳೆ ಎಣಿಸುವ ಕೆಲಸ ಕೇಳುತ್ತೇನೆ.

ಪುಟ್ಟಿ

*

ಏಪ್ರಿಲ್ 7

ಮಗಳೇ,

ಮೊಳೆ ಎಣಿಸಬೇಡ. ಮೆಕ್ಯಾನಿಕ್ ಸರಿಯಿಲ್ಲದಿದ್ದರೆ ಮೆಕ್ಯಾನಿಕ್ಕನ್ನು ಬದಲಾಯಿಸಬೇಕು.

ಈ ಕಾಗದ ಬರೆಯಲು ಮೂರು ದಿನ ಹಿಡಿಯಿತು. ನಿನ್ನ ಹಾಳೆಯ ವಿಷಯ ಓದಿದ ಮೇಲೆ ಅಟ್ಟದಿಂದ ನನ್ನ ಹಳೆಯ ಕೆಲಸದ ಪುಸ್ತಕಗಳನ್ನು ಇಳಿಸಿದೆ. ನೀನು ನನ್ನ ಜೊತೆಗಿದ್ದ ಎಂಟು ವರ್ಷದವು. ಪ್ರತಿ ದಿನಕ್ಕೂ ಒಂದು ಸಾಲು, ಯಾವ ಕಟ್ಟಡ, ಏನು ಕೆಲಸ, ಸಹಾಯಕರು ಬಂದರೋ ಇಲ್ಲವೋ, ಬರದಿದ್ದರೆ ಕಾರಣ. ನೀನು ಬರದ ದಿನಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಮಾಡುತ್ತಾ ಹೋದೆ.

ಮೊದಲ ವರ್ಷ ತಿಂಗಳಿಗೆ ಒಂದು ದಿನ. ಇಪ್ಪತ್ತೆಂಟು ದಿನಕ್ಕೊಮ್ಮೆ, ಒಮ್ಮೊಮ್ಮೆ ಇಪ್ಪತ್ತೇಳು, ಒಮ್ಮೊಮ್ಮೆ ಇಪ್ಪತ್ತೊಂಬತ್ತು. ಮೂರನೇ ವರ್ಷ ಎರಡು ದಿನ. ಆರನೇ ವರ್ಷ ಮೂರು. ಕೊನೆಯ ವರ್ಷ ನಡುವೆಯೂ ಒಂದೊಂದು ದಿನ. ಒಂದೇ ಒಂದು ಸಲವೂ ಲೆಕ್ಕ ತಪ್ಪಿಲ್ಲ. ಗಡಿಯಾರ ಕೂಡ ಇಷ್ಟು ಸರಿಯಾಗಿ ನಡೆಯುವುದಿಲ್ಲ. ನೆಪ ಹೂಡುವವರು ಹಬ್ಬಕ್ಕೆ, ಮಳೆಗೆ, ಮದುವೆಗೆ ಹೂಡುತ್ತಾರೆ. ಇಪ್ಪತ್ತೆಂಟು ದಿನಕ್ಕೊಮ್ಮೆ ಎಂಟು ವರ್ಷ ಯಾರೂ ಹೂಡುವುದಿಲ್ಲ.

ಕಾರಣದ ಜಾಗದಲ್ಲಿ ನನ್ನ ಕೈಬರಹವಿದೆ. ನೆಪ. ನೆಪ. ನೆಪ. ನೂರ ಎಂಬತ್ತಮೂರು ಸಲ.

ಊರ ಲಿಫ್ಟುಗಳ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ನನ್ನ ಮಗಳ ದೋಷವನ್ನು ನಾನೇ ದಿನಾಂಕ ಸಮೇತ ಬರೆದಿಟ್ಟು, ಒಂದು ಸಲವೂ ಹಿಂದಕ್ಕೆ ತಿರುವಿ ನೋಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು. ತಪ್ಪಾಯಿತು ಮಗಳೇ. ಅಂದು ಏಳು ಮಹಡಿ ಹತ್ತಿ ಬಂದವನು ಏನಾಯಿತೆಂದು ಒಂದು ಮಾತು ಕೇಳಬಹುದಿತ್ತು.

ಆ ಪುಟಗಳನ್ನೆಲ್ಲ ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ. ನಾನು ಬರೆದ ಆ ಪದವನ್ನು ಅಳಿಸಿಲ್ಲ. ಡಾಕ್ಟರು ಅದನ್ನೂ ನೋಡಲಿ. ನಿನ್ನ ಹಾಳೆಗಳ ಜೊತೆ ಇದನ್ನೂ ಒಯ್ಯು. ಐದನೆಯವರ ಹತ್ತಿರ ಹೋಗು, ಬೇಕಾದರೆ ಒಂಬತ್ತನೆಯವರ ಹತ್ತಿರ.

ಇನ್ನು ಮುಂದೆ ಮಹಡಿ ಬರೆಯಬೇಡ. ಅಂಡಾಶಯ ಎಂದೇ ಬರೆ. ಗರ್ಭಕೋಶ ಎಂದೇ ಬರೆ. ನಾನೂ ಹಾಗೇ ಬರೆಯುತ್ತೇನೆ. ನಿಮ್ಮಮ್ಮ ಮೂರು ಸಲ ನನ್ನ ಬಾಯಲ್ಲಿ ಹೇಳಿಸಿದಳು.

ಅಪ್ಪ

*

ಮೇ 19

ಅಪ್ಪ,

ಮೊದಲು ಇದು. ಆ ಕಾಗದವನ್ನು ಹರಿಯಲು ಹೊರಡಲಿಲ್ಲ.

ಐದನೆಯವರು ಸಿಕ್ಕರು. ವಯಸ್ಸಾದ ಹೆಂಗಸು, ಇಂಥ ನೋವನ್ನೇ ಇಪ್ಪತ್ತು ವರ್ಷದಿಂದ ನೋಡುತ್ತಿರುವವರಂತೆ. ಅವರ ಪಾಳಿಗೆ ನಾಲ್ಕು ವಾರ ಕಾದೆ. ಕೋಣೆ ಚಿಕ್ಕದು, ಮೇಜಿನ ಮೇಲೆ ಜಾಗವೇ ಇಲ್ಲ. ಅವರು ಕಡತಗಳನ್ನೆಲ್ಲ ನೆಲಕ್ಕಿಳಿಸಿ, ನನ್ನ ಹಾಳೆ ಒಂದು ಕಡೆ, ನಿಮ್ಮ ಪುಟ ಒಂದು ಕಡೆ ಹರಡಿಕೊಂಡರು. ಇಪ್ಪತ್ತು ನಿಮಿಷ ಒಂದೊಂದನ್ನೇ ಓದಿದರು. ಮಹಡಿ ನೋಡಿ ನಗಲಿಲ್ಲ. ತಮ್ಮ ಕಾಗದದಲ್ಲಿ ಹೊಟ್ಟೆಯ ಚಿತ್ರ ಬರೆದು ನಿಮ್ಮ ಮಹಡಿಗಳನ್ನೇ ಅದರಲ್ಲಿ ಗುರುತು ಮಾಡಿಕೊಂಡರು.

ಆಮೇಲೆ, "ಈ ನೆಪ ನೆಪ ಅಂತ ಬರ್ದಿರೋರು ಯಾರು?" ಎಂದರು. ನಮ್ಮ ತಂದೆ ಎಂದೆ. "ಬೈದು ಬರ್ದಿದ್ರೂ ಬಿಡದೇ ಬರ್ದಿದ್ದಾರೆ. ಇಂಥ ದಾಖಲೆ ನಂಗೆ ಯಾರೂ ತಂದ್ಕೊಟ್ಟಿಲ್ಲ."

ಹಳೆಯ ಎರಡು ಸ್ಕ್ಯಾನು, ತಾವು ಮಾಡಿಸಿದ ಹೊಸದೊಂದು, ಮೂರರ ಫಿಲ್ಮುಗಳನ್ನೂ ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆಯದು ಬಂದು ಹೋಗುವ ಗಂಟು, ಅದು ಏನೂ ಅಲ್ಲ. ಎಡಗಡೆಯದು ಮೂರರಲ್ಲೂ ಇದೆ. ಹಳೆಯದು ಹೋಗಿ ಹೊಸದು ಬಂದದ್ದಲ್ಲ, ಅದು ಹೋಗಿಯೇ ಇಲ್ಲ. ನಾಲ್ಕಿದ್ದದ್ದು ಆರಾಗಿದೆ. ಎಂಆರ್‌ಐ ಮಾಡಿಸಿದರು. ಎಂಡೊಮೆಟ್ರಿಯೋಸಿಸ್ ಇರಬಹುದಂತೆ. ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೇರೆ ಕಡೆ ಬೆಳೆದು, ಪ್ರತಿ ತಿಂಗಳೂ ಅಲ್ಲೂ ರಕ್ತ ಒಸರುತ್ತದೆ, ಹೊರಗೆ ಬರಲು ದಾರಿ ಇಲ್ಲದೆ ಅಲ್ಲೇ ಅಂಟಿಕೊಳ್ಳುತ್ತದೆ. ಎಷ್ಟೋ ಸಲ ಸ್ಕ್ಯಾನಿಗೆ ಕಾಣಿಸುವುದೇ ಇಲ್ಲ. ಸಣ್ಣ ತೂತು ಮಾಡಿ ಒಳಗೆ ನೋಡಿ, ತುಣುಕು ತೆಗೆದು ಪರೀಕ್ಷಿಸಿದರೆ ಖಚಿತ. ಇದ್ದರೆ ಆಗಲೇ ತೆಗೆಯುತ್ತಾರೆ. ಎಡ ಅಂಡಾಶಯ ಉಳಿಯುತ್ತದೋ ಇಲ್ಲವೋ ಒಳಗೆ ನೋಡಿದ ಮೇಲೆಯೇ ಹೇಳುವುದಂತೆ. ಜೂನ್ ಹದಿನೆಂಟಕ್ಕೆ ದಿನ ಕೊಟ್ಟಿದ್ದಾರೆ.

ನಿಜ ಹೇಳುತ್ತೇನೆ, ಅಂಡಾಶಯ ಹೋದರೆ ಎಂದು ಭಯವಿಲ್ಲ. ತೆರೆದು ನೋಡಿ, ಒಳಗೆ ಏನೂ ಇಲ್ಲ ಎಂದುಬಿಟ್ಟರೆ? ಆಗ ನಾನು ಏನಪ್ಪ? ಬಾಯಿಬಿಟ್ಟು ಹೇಳಲು ಇನ್ನು ನನ್ನ ಹತ್ತಿರ ಏನೂ ಉಳಿದಿರುವುದಿಲ್ಲ.

ಆಸ್ಪತ್ರೆಯವರು ಮನೆಯವರು ಒಬ್ಬರು ಜೊತೆಗಿರಬೇಕು ಎನ್ನುತ್ತಾರೆ.

ಪುಟ್ಟಿ

*

ಜೂನ್ 1

ಪುಟ್ಟಿ,

ಇದು ನಾನು, ಅಮ್ಮ. ಬರೆಯುವ ಕೈ ಮಾತ್ರ ನಿಮ್ಮಪ್ಪನದು. ನಾನು ಹೇಳಿದಂತೆ ಬರೆಯಬೇಕು, ನಡುವೆ ತಮ್ಮ ಮಾತು ಸೇರಿಸಬಾರದು ಎಂದು ತಾಕೀತು ಮಾಡಿದ್ದೇನೆ.

ನನ್ನ ಎಡಗಣ್ಣಿನ ಆಪರೇಷನ್ ಹದಿನಾರಕ್ಕೇ ಬಿತ್ತು. ಮುಂದಕ್ಕೆ ಹಾಕಿಸುತ್ತೇನೆ ಎಂದರೆ ನಿಮ್ಮಪ್ಪ ಬೇಡ ಎಂದರು. (ಅಕ್ಕನ ಮಗಳು ಬಂದು ಇವಳ ಜೊತೆಗಿರುತ್ತಾಳೆ. ಅಪ್ಪ.) ನೋಡಿದೆಯಾ, ಸೇರಿಸಿಬಿಟ್ಟರು. ಕಾಗದದ ಮೇಲೆ ಪೆನ್ನು ಜಾಸ್ತಿ ಹೊತ್ತು ಓಡಿದರೆ ನನಗೆ ಗೊತ್ತಾಗುವುದಿಲ್ಲವೇ?

ಅವರೊಬ್ಬರೇ ಬರುತ್ತಾರೆ. ಹಂಗಿಸಬೇಡ. ಚೀಲವನ್ನು ಎರಡು ವಾರ ಮುಂಚೆಯೇ ಕಟ್ಟಿಟ್ಟಿದ್ದಾರೆ. ಅದರಲ್ಲಿ ಮಡಚುವ ಸ್ಟೂಲು ಬೇರೆ. ಆಸ್ಪತ್ರೆಯಲ್ಲಿ ಕುರ್ಚಿ ಇರುತ್ತೆ ಕಣ್ರೀ ಎಂದರೂ ಕೇಳುವುದಿಲ್ಲ.

ಒಂದು ಮಾತು. ಒಳಗೆ ಏನೂ ಇಲ್ಲವೆಂದರೆ ನಾನು ಏನು ಎಂದು ಕೇಳಿದ್ದೀಯಲ್ಲ. ಆಗಲೂ ನೋವಿರುವ ನನ್ನ ಮಗಳೇ. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ, ಒಲೆ ಇನ್ನೆಲ್ಲೋ ಇದೆ ಎಂದು ಮತ್ತೆ ಹುಡುಕುವುದು.

ಅಮ್ಮ

*

ಜೂನ್ 20

ಮನೆಯೊಡತಿಗೆ,

ಹೊಸ ಕನ್ನಡಕ ಬಂದ ಮೇಲೆ ಇದನ್ನು ನೀನೇ ಓದು, ಅಕ್ಕನ ಮಗಳ ಕೈಗೆ ಕೊಡಬೇಡ. ಫೋನಿನಲ್ಲಿ ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿದೆ. ಉಳಿದದ್ದು ಇಲ್ಲಿದೆ.

ಒಂದು ಗಂಟೆಯ ಕೆಲಸ ಎಂದು ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಒಂಬತ್ತಾಯಿತು, ಹತ್ತಾಯಿತು. ಹೊರಗಿನ ಹಜಾರದಲ್ಲಿ ಮೂವತ್ತು ನಲವತ್ತು ಜನ. ನರ್ಸಮ್ಮ ಬಂದು ಏನೋ ಕೂಗಿದ್ದಾಳೆ, ನನಗೆ ಕೇಳಿಸಿಲ್ಲ. ಪಕ್ಕದವರು ಭುಜ ತಟ್ಟಿದರು. ಎದ್ದು ಹೋದೆ. ಯಾವ ಆಪರೇಷನ್ನಿನವರು ಎಂದು ಕೇಳಿದಳು. "ನನ್ ಮಗಳ ಅಂಡಾಶಯದ ಗಂಟು. ಎಡಗಡೇದು" ಎಂದೆ. ನನ್ನ ದನಿ ನಿನಗೆ ಗೊತ್ತಲ್ಲ. ಹಜಾರಕ್ಕೆ ಹಜಾರವೇ ತಿರುಗಿ ನೋಡಿತು. ನರ್ಸಮ್ಮ ಕೆಂಪಾಗಿ, "ಸ್ವಲ್ಪ ಮೆಲ್ಲಗೆ ಹೇಳಿ ತಾತ" ಎಂದಳು. ನಾನು ಹೇಳಿದೆ, "ಮೆಲ್ಲಗೆ ಹೇಳೀ ಹೇಳೀನೇ ಹನ್ನೆರಡು ವರ್ಷ ಹೋಯ್ತಮ್ಮ."

ಇನ್ನೂ ಒಂದು ಗಂಟೆ ಆಗುತ್ತದೆ, ಗಾಬರಿ ಬೇಡ ಎಂದು ಹೇಳಲು ಕರೆದಿದ್ದಳಂತೆ.

ವಾಪಸು ಬಂದು ಕೂತರೆ, ಎದುರು ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. "ನಿಮ್ಮ ಮಗಳಿಗೆ ಎಲ್ಲೆಲ್ಲಿ ನೋಯ್ತಿತ್ತು?" ಹೇಳಿದೆ. ತೊಡೆಯ ವಿಷಯ ಹೇಳಿದಾಗ ಅವಳು ತನ್ನ ತೊಡೆಯ ಮೇಲೆ ಕೈ ಇಟ್ಟುಕೊಂಡಳು. ಇನ್ನೊಬ್ಬಳು ಬಂದಳು. ಆಮೇಲೆ ಒಬ್ಬಳ ಅತ್ತೆ ಬಂದರು, ಸೊಸೆಗಾಗಿ. ನನ್ನ ಚೀಲದಲ್ಲಿ ಗೆರೆ ಹಾಕಿದ ಹಾಳೆ ಇದ್ದವು. ಹಂಚಿದೆ. ಹೇಗೆ ತುಂಬಿಸಬೇಕೆಂದು ಹೇಳಿಕೊಟ್ಟೆ, ಜೋರಾಗಿಯೇ. ಸ್ಟೂಲು ಕೆಲಸಕ್ಕೆ ಬಂತು, ಕುರ್ಚಿ ಸಾಲಲಿಲ್ಲ.

ಹನ್ನೊಂದೂವರೆಗೆ ಡಾಕ್ಟರಮ್ಮ ಹೊರಗೆ ಬಂದರು. ಗಂಟಿನ ತುಂಬ ಹಳೆಯ ರಕ್ತ, ಮಡ್ಡಿಯಂಥದ್ದು. ಅಂಡಾಶಯ ಕರುಳಿಗೆ ಅಂಟಿಕೊಂಡಿತ್ತಂತೆ. ಬೆಳಗಿನ ಆ ಚೂರಿನೋವು ಅದರದ್ದೇ. ಇನ್ನೂ ಏಳು ಕಡೆ ಇತ್ತು, ಎಲ್ಲವನ್ನೂ ಬಿಡಿಸಿ ತೆಗೆದರು. ಅಂಡಾಶಯ ಉಳಿಯಿತು. "ಇಷ್ಟನ್ನ ಒಳಗಿಟ್ಕೊಂಡು ದಿನಾ ಕ್ರೇನ್ ಹತ್ತಿದ್ಲಾ?" ಎಂದರು. ಹತ್ತಿದಳು ಎಂದೆ. ನಲವತ್ತು ಜನರ ಎದುರಿಗೆ ಅತ್ತುಬಿಟ್ಟೆ, ಅದೂ ಜೋರಾಗಿಯೇ ಇತ್ತೋ ಏನೋ.

ಮಧ್ಯಾಹ್ನ ಅವಳಿಗೆ ಪೂರ್ತಿ ಎಚ್ಚರವಾಯಿತು. ನೀರು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ನನ್ನ ತೋಳು ಹಿಡಿದುಕೊಂಡು ಒಂದೇ ಪದ ಕೇಳಿದಳು.

"ಇತ್ತಾ?"

"ಇತ್ತು ಮಗಳೇ. ಬೇಕಾದಷ್ಟಿತ್ತು."

ನಗಲು ಶುರು ಮಾಡಿದಳು ನೋಡು. ಹೊಲಿಗೆ ನೋಯುತ್ತದೆ, ನಗಿಸಬೇಡಿ ಎನ್ನುತ್ತಾಳೆ, ಮತ್ತೆ ನಗುತ್ತಾಳೆ. ಹೊಟ್ಟೆಯಲ್ಲಿ ಕಾಯಿಲೆ ಇತ್ತೆಂದು ಇಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ಪಕ್ಕದ ಹಾಸಿಗೆಯವರು ಮಗು ಆಯಿತೇನೋ ಎಂದುಕೊಂಡಿರಬೇಕು.

ನಿನ್ನೆ ಇಡೀ ದಿನ ಅವಳ ಹಾಸಿಗೆಯ ಪಕ್ಕ ಕೂತು ಒಂದು ಬಾಕಿ ಕೆಲಸ ಮುಗಿಸಿದೆ. ದೋಷ ಯಾವುದೆಂದು ಗೊತ್ತಾದ ಮೇಲೆ ಹಳೆಯ ದೂರುಗಳಿಗೆಲ್ಲ ಹಿಂದಿರುಗಿ ನಿಜವಾದ ಕಾರಣ ಬರೆದು ರುಜು ಹಾಕುವುದು ನಮ್ಮ ಕಸುಬಿನ ನಿಯಮ. ಎಂಟೂ ಪುಸ್ತಕಗಳನ್ನು ತಂದಿದ್ದೆ. ಅವಳು ದಿನಾಂಕ ಓದುತ್ತಾ ಹೋದಳು, ನಾನು ಹೊಡೆದು ಬರೆಯುತ್ತಾ ಹೋದೆ. ನೂರ ಎಂಬತ್ತೆರಡು ರುಜು. ನಡುವೆ ಒಂದು ಕಡೆ, "ತಡೀರಪ್ಪ, ಆ ದಿನ ಮಾತ್ರ ನಿಜವಾಗ್ಲೂ ನೆಪ, ಗೆಳತಿ ಜೊತೆ ಸಿನಿಮಾಗೆ ಹೋಗಿದ್ದೆ" ಎಂದಳು. ಅದೊಂದನ್ನು ಹಾಗೇ ಬಿಟ್ಟಿದ್ದೇನೆ.

ಭಾನುವಾರ ಬರುತ್ತೇನೆ. ಕಣ್ಣಿಗೆ ಹನಿ ಬಿಟ್ಟುಕೊಳ್ಳುವುದನ್ನು ಮರೆಯಬೇಡ.

ನಿನ್ನವನು

*

ಆಗಸ್ಟ್ 23

ಅಪ್ಪ, ಅಮ್ಮ,

ಲ್ಯಾಬಿನ ವರದಿ ಬಂದು ತಿಂಗಳಾಯಿತು. ಡಾಕ್ಟರಮ್ಮ ಹೇಳಿದ ಹೆಸರೇ. ಅಷ್ಟುದ್ದದ ಹೆಸರನ್ನು ಈಗ ನಿದ್ದೆಯಲ್ಲಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತೇನೆ. ಬೇರು ಸಮೇತ ಹೋಯಿತೆಂದು ಭರವಸೆ ಕೊಡುವುದಿಲ್ಲ, ಮತ್ತೆ ಬಂದರೂ ಬರಬಹುದು, ಆರು ತಿಂಗಳಿಗೊಮ್ಮೆ ಬಾ, ಮುಟ್ಟು ಹೇಗಿದೆ ನೋಡಿಕೊಂಡು ಮಾತ್ರೆಯ ವಿಷಯ ತೀರ್ಮಾನಿಸೋಣ ಎಂದಿದ್ದಾರೆ. ಬರಲಿ ಬಿಡಿ. ಈ ಸಲ ಬಂದರೆ ಹೆಸರು ಹಿಡಿದು ಕರೆಯುತ್ತೇನೆ.

ಕಂಪನಿಯವರು ತಪಾಸಣೆಯನ್ನು ಆಗಸ್ಟಿಗೆ ಮುಂದೂಡಿದ್ದರಲ್ಲ, ಅದು ಹೋದ ಗುರುವಾರ ಆಯಿತು. "ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಕಾಯಿಲೆ" ಎಂಬ ಜಾಗದಲ್ಲಿ ಪ್ರತಿ ವರ್ಷ ಇಲ್ಲ ಎಂದು ಬರೆಯುತ್ತಿದ್ದೆ. ಈ ಸಲ ಪೂರ್ತಿ ಬರೆದೆ, ಜಾಗ ಸಾಲದೆ ಅಂಚಿನಲ್ಲೂ ಬರೆದೆ. ಕಂಪನಿಯ ಡಾಕ್ಟರು ಕನ್ನಡಕ ಮೇಲೇರಿಸಿ ನೋಡಿದರು.

"ಇದನ್ನ ಬರೀದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಗೊತ್ತಾಗ್ಲಿ ಅಂತಾನೇ ಬರ್ದಿದ್ದು ಸಾರ್."

ಡಾಕ್ಟರಮ್ಮನ ಪತ್ರ, ವರದಿ, ಎರಡು ತಿಂಗಳ ಹಾಳೆ, ಎಲ್ಲವನ್ನೂ ಮುಂದಿಟ್ಟೆ. ಬಗ್ಗಿಸಿದರು, ಏಳಿಸಿದರು, ಮೆಟ್ಟಿಲು ಹತ್ತಿಸಿದರು. ಯೋಗ್ಯ ಎಂದು ಬರೆದು ಮೊಹರು ಒತ್ತಿದರು. ಹೊರಗೆ ಸಿಗ್ನಲ್ ಅಣ್ಣ ಕಾಯುತ್ತಿದ್ದರು. ಅವರಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ.

ಹೊಸ ಕಟ್ಟಡದ ಎತ್ತರದ ಕ್ರೇನನ್ನು ನನಗೇ ಕೊಟ್ಟಿದ್ದಾರೆ. ಎಪ್ಪತ್ತೆರಡು ಮೀಟರ್. ಇವತ್ತು ಅದರಲ್ಲಿ ನನ್ನ ಮೊದಲ ದಿನ. ಬೆಳಿಗ್ಗೆ ಏಳಕ್ಕೆ ಹತ್ತಿದೆ. ಮೇಲೆ ತೊಲೆ ಎತ್ತಿದೆ, ಗಾಜಿನ ಹಲಗೆ ಎತ್ತಿದೆ, ಒಂದು ನೀರಿನ ಟ್ಯಾಂಕನ್ನು ಎರಡು ಗೋಡೆಗಳ ಸಂದಿಯಲ್ಲಿ ಒಂದು ಗೀರೂ ಬೀಳದಂತೆ ಇಳಿಸಿದೆ. ಕೆಳಗಿದ್ದವರು ಚಪ್ಪಾಳೆ ತಟ್ಟಿದರು ಎಂದು ಸಿಗ್ನಲ್ ಅಣ್ಣ ವಾಕಿಟಾಕಿಯಲ್ಲಿ ಹೇಳಿದರು. ಅಷ್ಟು ಮೇಲಕ್ಕೆ ಸದ್ದು ಬರುವುದಿಲ್ಲ. ಊಟಕ್ಕೆ ಇಳಿದೆ, ಮತ್ತೆ ಹತ್ತಿದೆ. ಮೂರೂವರೆಗೆ ಕೆಲಸ ಮುಗಿಯಿತು.

ಇಳಿದು ಬಂದು ಕೈ ತೊಳೆಯುವಾಗ, ಇವತ್ತಿನ ಹಾಳೆ ತುಂಬಿಸಬೇಕಲ್ಲ, ಎಷ್ಟನೇ ದಿನ ಎಂದು ಲೆಕ್ಕ ಹಾಕಿದೆ. ಮುಟ್ಟಿನ ಎರಡನೇ ದಿನ. ಪ್ರತಿ ತಿಂಗಳೂ ನನ್ನನ್ನು ನೆಲಕ್ಕೆ ಮಡಚಿ ಹಾಕುತ್ತಿದ್ದ ದಿನ.

ಅಮ್ಮಾ, ನನಗೆ ಮರೆತೇ ಹೋಗಿತ್ತು.

ನಿಮ್ಮ
ಪುಟ್ಟಿ